ಎರೆಹುಳುವಿಗೆ ಸುಳಿವು ಕೊಟ್ಟವರಾರು?

ಕಣ್ಣಿಲ್ಲ, ಮೂಗಿಲ್ಲ, ಉಸಿರಾಟವೂ ತೊಗಲಿನಿಂದಲೇ! ಅಂಥ ಎರೆಹುಳು ಮಣ್ಣಿನಲ್ಲಿ ಬೆರೆತ ನ್ಯಾನೊ ಬೆಳ್ಳಿಯನ್ನು ಪತ್ತೆಹಚ್ಚಿ ಪಕ್ಕಕ್ಕೆ ಸರಿಯುತ್ತದೆ. ಒಂದು ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಅಂಥ ಹತ್ತಾರು ನ್ಯಾನೊಮೀಟರುಗಳಷ್ಟೇ ಗಾತ್ರದ ಕಣ ಈ ಹುಳುವಿಗೆ ಗೊತ್ತಾಗುವುದು ಹೇಗೆ?

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗ ಓದಿ ನನಗೆ ಮೈ ಜುಮ್ಮೆಂದಿತು. ಒಂದು ಕಡೆ ಶುದ್ಧ ಮಣ್ಣು, ಪಕ್ಕದಲ್ಲೇ ಬೆಳ್ಳಿ ಬೆರೆತ ಮಣ್ಣು. ಯಾವುದು ಬೇಕೋ ಹುಳುವೇ ಆರಿಸಿಕೊಳ್ಳಲಿ! ನೀರಿನಲ್ಲಿ ಕರಗುವ ಸಿಲ್ವರ್ ನೈಟ್ರೇಟ್ ಇದ್ದ ಕಡೆಯಿಂದ ಹುಳುಗಳು ಕೂಡಲೇ ಸರಿದುಬಿಟ್ಟವು. ನ್ಯಾನೊ ಬೆಳ್ಳಿಯಿಂದಲೂ ಸರಿದವು, ಆದರೆ ಅದಕ್ಕೆ 48 ಗಂಟೆ ಹಿಡಿಯಿತು. ಕಿಲೊ ಮಣ್ಣಿಗೆ ಬರೀ 7 ಮಿಲಿಗ್ರಾಂ ಆಸುಪಾಸಿನ ಬೆಳ್ಳಿ ಸಾಕಾಯಿತು! ಕಣಗಳಿಂದ ಕರಗಿ ಬಂದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಬೆಳ್ಳಿ ಪರಮಾಣುಗಳು, ಸುಳಿವು ಕೊಟ್ಟವೇ? ಲೆಕ್ಕ ಕೂಡಲಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಏನಾದರೂ ಏರುಪೇರಾಯಿತೇ? ಅದರಿಂದಲೂ ಉತ್ತರ ಸಿಗಲಿಲ್ಲ. ಹಾಗಾದರೆ ಆ ಎರಡು ದಿನಗಳಲ್ಲಿ ಹುಳುವಿಗೆ ಸುದ್ದಿ ಮುಟ್ಟಿಸಿದ್ದು ಯಾವುದು!

ಈ ಹುಳು ನಮಗೆ ಅಪರಿಚಿತವೂ ಅಲ್ಲ. ಐಸೀನಿಯ ಫೆಟಿಡ. ನಮ್ಮ ರೈತರ ಎರೆಗೊಬ್ಬರದ ತೊಟ್ಟಿಗಳಲ್ಲಿ ಸಗಣಿ, ಕಸಕಡ್ಡಿ ತಿಂದು ಚಹಾಪುಡಿಯಂಥ ಗೊಬ್ಬರ ಕೊಡುವ ಕೆಂಪು ಹುಳು.

ಬೆಳ್ಳಿ ಹೊಲಕ್ಕೆ ಬರುವ ದಾರಿಯೂ ಸರಳ. ಬೆವರಿನ ವಾಸನೆ ತಡೆಯಲೆಂದು ನ್ಯಾನೊ ಬೆಳ್ಳಿ ಸೇರಿಸಿದ ಕಾಲುಚೀಲ ಒಗೆದರೆ ಅದರಲ್ಲೊಂದಿಷ್ಟು ಚರಂಡಿಗೆ ಹೋಗುತ್ತದೆ. ಶುದ್ಧೀಕರಣ ಘಟಕದ ಕೆಸರಿನಲ್ಲಿ ಕೂರುತ್ತದೆ. ಆ ಕೆಸರೇ ಹಲವು ದೇಶಗಳಲ್ಲಿ ಗೊಬ್ಬರ.

ಹೀಗೆ ಮಣ್ಣು ಸೇರುವ ವಸ್ತು ಎರೆಹುಳುವಿನ ಸಂತಾನಕ್ಕೆ ಎಷ್ಟು ವಿಷವೆಂದು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆ 56 ದಿನಕ್ಕೆ ಮುಗಿಯುತ್ತದೆ. ದೊಡ್ಡ ಹುಳುಗಳನ್ನು 28 ದಿನಕ್ಕೆ ತೆಗೆದು, ಮತ್ತೆ 28 ದಿನ ಕಾದು, ಮಣ್ಣಿನಲ್ಲಿರುವ ಮರಿಗಳನ್ನು ಎಣಿಸುತ್ತಾರೆ. ಇಷ್ಟು ಸಾಕೇ? 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಳ್ಳಿ ಬೆರೆಸಿದ ಮಣ್ಣನ್ನೇ 1, 9, 30, 52 ವಾರ ಹಳತಾಗಲು ಬಿಟ್ಟು ನೋಡಿದರು. ಸಿಲ್ವರ್ ನೈಟ್ರೇಟಿನ ವಿಷ ದಿನ ಕಳೆದಂತೆ ಇಳಿಯಿತು. ನ್ಯಾನೊ ಬೆಳ್ಳಿಯದು ಏರಿತು! ಕಣಗಳು ನಿಧಾನವಾಗಿ ಕರಗುತ್ತ, ಅಯಾನುಗಳನ್ನು ಬಿಡುತ್ತಲೇ ಇದ್ದವು. ಎರಡು ತಿಂಗಳಿಗೆ ‘ಪರವಾಗಿಲ್ಲ’ ಅನ್ನಿಸಿಕೊಂಡ ಮಣ್ಣು ವರ್ಷ ತುಂಬುವ ಹೊತ್ತಿಗೆ ಬೇರೆಯೇ ಆಗಿರಬಹುದು. ಇಷ್ಟು ತಿಳಿದ ಮೇಲೂ ಹಳೆಯ ಗಡುವನ್ನೇ ನಂಬಿ ಕೂರುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಂದು ಬೆರಗು ಅದೇ ಅಧ್ಯಯನದಲ್ಲಿದೆ. ಮಣ್ಣು ಹೊಸದಿದ್ದಾಗ ಹುಳುಗಳ ಮೈಯೊಳಗೆ ಬೆಳ್ಳಿ ಸೇರಿತ್ತು, ಆದರೆ ಅದಕ್ಕೆ ತಕ್ಕಷ್ಟು ಹಾನಿ ಕಾಣಲಿಲ್ಲ. ಕಣ ಕಣವಾಗಿಯೇ, ಇಲ್ಲವೇ ಸ್ವಲ್ಪ ರೂಪ ಬದಲಿಸಿ, ಅದು ಒಳಗೆ ಸುಮ್ಮನೆ ಕುಳಿತಿರಬಹುದೆಂಬುದು ಸಂಶೋಧಕರ ಊಹೆ.