ರಾಷ್ಟ್ರೋತ್ಸವ ಮತ್ತು ಜನತೆಯ ಪಾಲು

ನಂಜನಗೂಡಿನ ದೊಡ್ಡ ಜಾತ್ರೆಯನ್ನು ಕಂಡವರಿಗೆ ಉತ್ಸವವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಶ್ರೀಕಂಠೇಶ್ವರನ ಮಹಾರಥವೂ ಸೇರಿ ಐದು ತೇರುಗಳು ಅಂದು ರಥಬೀದಿಯಲ್ಲಿ ಚಲಿಸುವುದು ಜನರ ತೋಳ್ಬಲದಿಂದ. ಹಗ್ಗಕ್ಕೆ ಕೈಹಚ್ಚಿದವನಿಗೆ ಉತ್ಸವವು ತನ್ನದು. ದೂರ ನಿಂತವನಿಗೆ ಅದು ಬರಿಯ ನೋಟ. ರಾಷ್ಟ್ರದ ಜನ್ಮದಿನದ ಆಚರಣೆಗೂ ಈ ಭೇದವು ಅನ್ವಯಿಸುತ್ತದೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ, ನಾಡಿನ ಇತರೆಡೆಗಳಂತೆಯೇ, ಸ್ವಾತಂತ್ರ್ಯ ದಿನವನ್ನೂ ಗಣರಾಜ್ಯ ದಿನವನ್ನೂ ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯು ನಡೆಸುತ್ತದೆ. ಪೂರ್ವಭಾವಿ ಸಭೆ, ಧ್ವಜಾರೋಹಣ, ಶಾಲಾಮಕ್ಕಳ ಪಥಸಂಚಲನ, ಗಣ್ಯರ ಭಾಷಣ, ಸಿಹಿ ಹಂಚಿಕೆ, ಇವು ಅದರ ಅಂಗಗಳು. ಇವೆಲ್ಲ ಅವಶ್ಯವೇ. ಆದರೆ ಮಕ್ಕಳೂ ಅಧಿಕಾರಿಗಳೂ ನೆರೆದು, ಊರಿನ ಉಳಿದ ಜನ ಅದನ್ನು ಒಂದು ರಜಾದಿನವೆಂದು ಬಗೆದರೆ ತೇರಿನ ಹಗ್ಗ ಬರಿದಾಗಿಯೇ ಉಳಿಯುತ್ತದೆ.

ಈ ಸೀಮೆಯ ಇತಿಹಾಸವನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. 1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ಮೈಸೂರು ಸಂಸ್ಥಾನವು ಒಕ್ಕೂಟವನ್ನು ಸೇರಲು ಒಪ್ಪಿತ್ತಾದರೂ ಇಲ್ಲಿಯ ಪ್ರಜೆಗೆ ಜವಾಬ್ದಾರಿ ಸರ್ಕಾರ ದೊರೆತಿರಲಿಲ್ಲ. ದೆಹಲಿಯಲ್ಲಿ ಉತ್ಸವ ಮುಗಿದ ಬಳಿಕ, ಸೆಪ್ಟೆಂಬರ್ ಮೊದಲ ದಿನ, ಇಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಸೆಪ್ಟೆಂಬರ್ 13ರಂದು ಮೈಸೂರು ನಗರದಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಆತನ ಹೆಸರಿನ ವೃತ್ತವು ಇಂದಿಗೂ ಅಲ್ಲಿದೆ. ಅಕ್ಟೋಬರ್ ತಿಂಗಳಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಾಗಲೇ ಆ ಸ್ವಾತಂತ್ರ್ಯವು ಮೈಸೂರಿಗರ ಮಟ್ಟಿಗೆ ಸಾರ್ಥಕವಾದುದು. ಆದುದರಿಂದ ಈ ಭಾಗದವರಿಗೆ ಆಗಸ್ಟ್ 15 ಬೇರೆಯವರು ಕೊಟ್ಟ ದಿನವಲ್ಲ. ತಾವೇ ಕೈಯಿಕ್ಕಿ ಪೂರ್ಣಗೊಳಿಸಿಕೊಂಡ ದಿನ.

ಅದಕ್ಕೂ ಮುನ್ನ ನೆಲವನ್ನು ಹದಗೊಳಿಸಿದ್ದು ಗ್ರಾಮಗಳ ನಿತ್ಯದ ದುಡಿಮೆ. ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿ ಪ್ರಚಾರವನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಜೊತೆಜೊತೆಯಾಗಿ ನಡೆಸಿದರು. ಅದೇ ತಾಲ್ಲೂಕಿನ ಬದನವಾಳು, ಗಾಂಧೀಜಿಯವರು ಭೇಟಿಯಿತ್ತ ಖಾದಿ ಕೇಂದ್ರದಿಂದಲೇ ನಾಡಿನಲ್ಲಿ ಹೆಸರಾಯಿತು. ಸಭೆಗೆ ಬಾರದ ಹೆಣ್ಣುಮಗಳೂ ಮನೆಯಲ್ಲಿ ಕುಳಿತು ತೆಗೆದ ನೂಲಿನ ಎಳೆಯಿಂದ ರಾಷ್ಟ್ರಕಾರ್ಯದಲ್ಲಿ ಪಾಲ್ಗೊಂಡಳು. ಕಾಯಕಕ್ಕೆ ಪೂಜೆಯ ಸ್ಥಾನವನ್ನಿತ್ತ ನಾಡಿಗೆ ಇದು ಹೊಸ ಮಾತೇನಲ್ಲ.

ಸ್ವಾತಂತ್ರ್ಯದ 75ನೆಯ ವರ್ಷವಾದ 2022ರಲ್ಲಿ ಮನೆಮನೆಯಲ್ಲೂ ತ್ರಿವರ್ಣಧ್ವಜವನ್ನು ಹಾರಿಸಬೇಕೆಂಬ ಕರೆಗೆ ಜನರು ಓಗೊಟ್ಟರು. ಧ್ವಜವು ಕಚೇರಿಯ ಕಂಬದಿಂದ ಗುಡಿಸಲಿನ ಮಾಡಿಗೆ ಬಂದುದು ಸಂತೋಷದ ಸಂಗತಿ. ಆದರೆ 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ, ಕೈಮಗ್ಗದ ಖಾದಿಯೊಡನೆ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆತಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವವರು ಇದನ್ನು ಪ್ರತಿಭಟಿಸಿದರು. ಧ್ವಜ ಹಾರಿಸುವ ಕೈಗಳು ಹೆಚ್ಚಿದಂತೆ ಅದನ್ನು ನೂತು ನೇಯುವ ಕೈಗಳು ಬರಿದಾಗಬಾರದೆಂಬುದು ಅವರ ಅಳಲಿನ ಸಾರ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಹಗ್ಗವನ್ನು ಹಿಡಿಯಲು ಎಲ್ಲರಿಗೂ ಎಡೆಯುಂಟೆ? ನೂಲಿನಿಂದ ಹೆಸರಾದ ಅದೇ ಬದನವಾಳಿನಲ್ಲಿ 1993ರಲ್ಲಿ ಜಾತಿದ್ವೇಷಕ್ಕೆ ಮೂವರು ದಲಿತರು ಬಲಿಯಾದರು. ವೀರಶೈವ ಮತ್ತು ದಲಿತ ಕೇರಿಗಳನ್ನು ಕೂಡಿಸುತ್ತಿದ್ದ ದಾರಿಯೂ ಮುಚ್ಚಿಹೋಯಿತು. ಆ ದಾರಿ ಮತ್ತೆ ತೆರೆದುದು 2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಸುಮಾರು ಮೂರು ದಶಕಗಳ ಆಗಸ್ಟ್ 15ಗಳು ಆ ಮುಚ್ಚಿದ ದಾರಿಯ ಎದುರಿನಲ್ಲಿಯೇ ಕಳೆದವೆಂಬುದನ್ನು ಮರೆಯಲಾಗದು. ಅರಿವೇ ಗುರುವೆಂದ, ಕುಲವನ್ನು ಅಳೆಯಲೊಲ್ಲದ ಶರಣರ ಪರಂಪರೆಯವರು ಈ ನೆನಪನ್ನು ಇತರರಿಗಿಂತ ಮೊದಲು ತಮ್ಮೆದುರಿಗಿಟ್ಟುಕೊಳ್ಳಬೇಕು. ಎರಡು ಕೇರಿಗಳ ಮಕ್ಕಳು ಒಂದೇ ದಾರಿಯಲ್ಲಿ ನಡೆದು ಒಂದೇ ಧ್ವಜದಡಿ ನಿಂತರೆ ಅದಕ್ಕಿಂತ ದೊಡ್ಡ ಪಥಸಂಚಲನವಿಲ್ಲ.

ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ಮೇಲೆ ಇದು ಕಪಿಲೆಯ ನೀರು, ಇದು ಕಾವೇರಿಯ ನೀರು ಎಂದು ಬೇರ್ಪಡಿಸುವವರಾರು? ಅಲ್ಲಿಯ ಗುಂಜಾ ನರಸಿಂಹನ ಸನ್ನಿಧಿಯಲ್ಲಿ, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂಬ ನಂಬುಗೆಯಿದೆ. ರಾಷ್ಟ್ರೋತ್ಸವದ ತಕ್ಕಡಿಯಲ್ಲಿಯೂ ಸರ್ಕಾರದ ಸಿದ್ಧತೆ ಎಷ್ಟೇ ಭಾರವಾಗಿರಲಿ, ಅದರ ಬೆಲೆಯನ್ನು ನಿರ್ಣಯಿಸುವುದು ಜನರು ತಾವಾಗಿ ತಂದಿಡುವ ಆ ಗುಲಗಂಜಿ. ಊರ ಕೆರೆಯ ಹೂಳನ್ನೆತ್ತುವುದು, ಶಾಲೆಯ ಗೋಡೆಗೆ ಸುಣ್ಣ ಬಳಿಯುವುದು, ಮುಚ್ಚಿದ ದಾರಿಯನ್ನು ತೆರೆಯುವುದು, ಯಾವುದಾದರೂ ಸರಿಯೆ. ಕೈಹಚ್ಚಿದವನಿಗೆ ಮಾತ್ರ ತೇರು ತನ್ನದು.