ಹೊಳೆಯ ಕಲ್ಲೂ ದೂರದ ಗೆಲಾಕ್ಸಿಯೂ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾಡುಗಳನ್ನು ಹಾದು, ಸಾಗರದ ಸೀಮೆಯಲ್ಲಿ ಲಿಂಗನಮಕ್ಕಿಯ ಹಿನ್ನೀರಾಗಿ ಹರಡಿ, ಜೋಗದಲ್ಲಿ ಧುಮುಕುವ ನದಿ. ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಇದರ ನೀರು ಮಾಘಮಾಸದ ಹೊತ್ತಿಗೆ ತಿಳಿಯಾಗುತ್ತದೆ. ಆಗ ಮೊಣಕಾಲುದ್ದದ ನೀರಿನಲ್ಲಿ ನಿಂತು ತಳದ ಉರುಟುಗಲ್ಲುಗಳನ್ನು ನೋಡಿದರೆ, ಅವುಗಳ ಆಕಾರ ಒಂದೇ ಸಮನಾಗಿ ಕಾಣುವುದಿಲ್ಲ. ಮೇಲಿನ ತೆರೆಗಳ ಏರಿಳಿತಕ್ಕೆ ತಕ್ಕಂತೆ ಅವು ಒಮ್ಮೆ ನೀಳವಾಗಿಯೂ ಒಮ್ಮೆ ಕುಗ್ಗಿದಂತೆಯೂ ತೋರುತ್ತವೆ. ನೀರು ಕಣ್ಣಿಗೆ ಕಾಣದಷ್ಟು ತಿಳಿಯಾಗಿದ್ದರೂ, ಕಲ್ಲುಗಳ ಈ ಹುಸಿರೂಪದಿಂದಲೇ ನೀರಿನ ಮೇಲ್ಮೈ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದನ್ನು ಊಹಿಸಬಹುದು.

ಖಗೋಳವಿಜ್ಞಾನಿಗಳು ವಿಶ್ವದಲ್ಲಿರುವ ಅದೃಶ್ಯ ದ್ರವ್ಯವನ್ನು ತೂಗಲು ಬಳಸುವ ಉಪಾಯವೂ ಇಂಥದೇ. ನಮ್ಮ ಆಕಾಶಗಂಗೆಯಂತೆ ಕೋಟ್ಯಂತರ ನಕ್ಷತ್ರಗಳಿಂದ ಕೂಡಿದ ಸಮೂಹಗಳಿಗೆ ಗೆಲಾಕ್ಸಿಗಳೆಂದು ಹೆಸರು. ಇವುಗಳ ಸುತ್ತಲೂ ನಡುವೆಯೂ, ಸಾಮಾನ್ಯ ದ್ರವ್ಯದ ಸುಮಾರು ಐದು ಪಟ್ಟು, ಬೆಳಕನ್ನು ಬೀರದ ದ್ರವ್ಯ ಹರಡಿಕೊಂಡಿದೆ. ಅದು ದೂರದರ್ಶಕಕ್ಕೆ ಗೋಚರಿಸುವುದಿಲ್ಲ. ಆದರೆ ಅದಕ್ಕೆ ಗುರುತ್ವಾಕರ್ಷಣೆಯಿದೆ. ಗುರುತ್ವವು ಬೆಳಕನ್ನು ಬಾಗಿಸುವುದೆಂದೂ, ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಕಿರಣವು 1.75 ಸೆಕೆಂಡಿನಷ್ಟು ಕೋನದಲ್ಲಿ ತಿರುಗಬೇಕೆಂದೂ ಐನ್‌ಸ್ಟೈನರು 1915ರಲ್ಲಿ ಲೆಕ್ಕ ಹಾಕಿದ್ದರು. 1919ರ ಸೂರ್ಯಗ್ರಹಣದ ಕಾಲದ ವೀಕ್ಷಣೆಗಳು ಇದನ್ನು ಸಮರ್ಥಿಸಿದವು. ಹೀಗಾಗಿ ಅತಿ ದೂರದ ಗೆಲಾಕ್ಸಿಯ ಬೆಳಕು ನಮ್ಮತ್ತ ಬರುವಾಗ, ದಾರಿಯಲ್ಲಿರುವ ದ್ರವ್ಯದ ಗಂಟುಗಳು ಮಸೂರದಂತೆ ವರ್ತಿಸಿ ಅದರ ಚಿತ್ರವನ್ನು ಕೊಂಚ ಹಿಗ್ಗಿಸುತ್ತವೆ.

ಈ ಕೊಂಚ ಎಂಬುದೇ ತೊಡಕಿನ ಮೂಲ. ಸಾಮಾನ್ಯವಾಗಿ ಈ ವಿರೂಪವು ನೂರರಲ್ಲಿ ಒಂದು ಪಾಲು ಮಾತ್ರ. ಗೆಲಾಕ್ಸಿಗಳಾದರೋ ಹುಟ್ಟಿನಿಂದಲೇ ದುಂಡಗಿಲ್ಲ. ಹೊಸನಗರದಂಥ ಊರಿನ ಹೊರಗೆ ನಿಂತು ಕಾರ್ತಿಕದ ಅಮಾವಾಸ್ಯೆಯ ರಾತ್ರಿ ನೋಡುವವರಿಗೆ ಆಂಡ್ರೊಮಿಡ ಗೆಲಾಕ್ಸಿಯು ಬರಿಗಣ್ಣಿಗೇ ನೀಳವಾದ ಒಂದು ಮಸುಕಿನಂತೆ ಕಾಣುತ್ತದೆ. (ಆಷಾಢ ಶ್ರಾವಣಗಳಲ್ಲಿ ಮಲೆನಾಡಿನವರಿಗೆ ಆಕಾಶವೆಂಬುದೊಂದಿದೆಯೆನ್ನುವುದೇ ಮರೆತುಹೋಗಿರುತ್ತದೆ, ಆ ಮಾತು ಬೇರೆ.) ಆ ನೀಳತೆಗೆ ಮಸೂರ ಕಾರಣವಲ್ಲ, ತಟ್ಟೆಯಂಥ ಆ ಗೆಲಾಕ್ಸಿ ನಮಗೆ ಓರೆಯಾಗಿರುವುದೇ ಕಾರಣ. ಇಂಥ ಸಹಜ ನೀಳತೆಯು ಸರಾಸರಿಯಲ್ಲಿ ನೂರಕ್ಕೆ ಮೂವತ್ತು ಪಾಲಿನಷ್ಟಿರುತ್ತದೆ. ಮೂವತ್ತರ ನಡುವೆ ಒಂದನ್ನು ಹುಡುಕುವುದು ಹೇಗೆ? ಒಂದೇ ಗೆಲಾಕ್ಸಿಯನ್ನು ನೋಡಿದರೆ ಇದು ಎಂದಿಗೂ ಆಗದು. ಆದರೆ ಆಕಾಶದ ಒಂದು ಭಾಗದಲ್ಲಿ ಹತ್ತು ಸಾವಿರ ಗೆಲಾಕ್ಸಿಗಳನ್ನು ಅಳೆದು ಸರಾಸರಿ ತೆಗೆದರೆ, ಸಹಜ ನೀಳತೆಗಳು ಒಂದೊಂದು ಒಂದೊಂದು ದಿಕ್ಕಿಗಿರುವುದರಿಂದ ಪರಸ್ಪರ ಅಳಿಸಿಹೋಗಿ ಅವುಗಳ ಶೇಷವು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮಸೂರದ ವಿರೂಪವು ಉಳಿದುಕೊಳ್ಳುತ್ತದೆ. ಈ ಮಾರ್ಗವನ್ನು ಹಿಡಿದು 2000ದಲ್ಲಿ ನಾಲ್ಕು ತಂಡಗಳು ಬೇರೆ ಬೇರೆಯಾಗಿ ವಿಶ್ವದ ಈ ಸೂಕ್ಷ್ಮ ವಿರೂಪವನ್ನು ಕಂಡುಹಿಡಿದವು.

ಇಡೀ ಲೆಕ್ಕವು ಒಂದು ನಂಬಿಕೆಯ ಮೇಲೆ ನಿಂತಿದೆಯೆಂಬುದನ್ನು ಓದುಗರು ಈಗಾಗಲೇ ಗಮನಿಸಿರಬಹುದು: ಗೆಲಾಕ್ಸಿಗಳು ಮನಬಂದ ದಿಕ್ಕಿಗೆ ಬಿದ್ದಿವೆ ಎಂಬ ನಂಬಿಕೆ. ಇದು ದಿಟವೇ?

ಮತ್ತೆ ಹೊಳೆಗೆ ಹೋಗೋಣ. ನೀರು ಬತ್ತಿದ ಮೇಲೆ ತಳದ ಚಪ್ಪಟೆ ಕಲ್ಲುಗಳನ್ನು ನೋಡಿದರೆ, ಅವು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದಿಲ್ಲ. ಮಾಡಿಗೆ ಹೊದಿಸಿದ ಹಂಚುಗಳಂತೆ ಒಂದರ ಮೇಲೊಂದು ಒರಗಿ, ನೀರು ಬರುವ ಕಡೆಗೆ ಇಳಿಜಾರಾಗಿರುತ್ತವೆ. ಪ್ರವಾಹವೇ ಅವುಗಳನ್ನು ಹಾಗೆ ಜೋಡಿಸಿದೆ. ಕಲ್ಲಿನ ರೂಪವನ್ನು ನಮ್ಮ ಕಣ್ಣಿಗೆ ಕೆಡಿಸಿ ತೋರಿಸುವುದೂ ಅದೇ ನೀರು, ಕಲ್ಲನ್ನು ಒಂದು ದಿಕ್ಕಿಗೆ ಒರಗಿಸುವುದೂ ಅದೇ ನೀರು. ಗೆಲಾಕ್ಸಿಗಳ ಪಾಡೂ ಹೀಗೆಯೇ. ಬೆಳಕನ್ನು ಬಾಗಿಸುವ ದ್ರವ್ಯವೇ ತನ್ನ ಹತ್ತಿರದ ಗೆಲಾಕ್ಸಿಗಳನ್ನು ಎಳೆದು ತನ್ನತ್ತ ನೀಳವಾಗಿಸುತ್ತದೆ. ಇದನ್ನು ‘ಸಹಜ ದಿಕ್ಸಾಮ್ಯ’ವೆಂದು ಕರೆಯೋಣ.

ಇದರಿಂದ ಎರಡು ಬಗೆಯ ದೋಷ ಹುಟ್ಟುತ್ತದೆ. ಮೊದಲನೆಯದು ಸರಳ: ಅಕ್ಕಪಕ್ಕದಲ್ಲಿ ಬೆಳೆದ ಎರಡು ಗೆಲಾಕ್ಸಿಗಳು ಒಂದೇ ಕಡೆಗೆ ವಾಲಿದರೆ, ನಾವು ಅದನ್ನು ಮಸೂರದ ಕೆಲಸವೆಂದು ಭ್ರಮಿಸಿ ಹೆಚ್ಚು ಲೆಕ್ಕ ಹಾಕುತ್ತೇವೆ. ಗೆಲಾಕ್ಸಿಗಳ ದೂರ ಗೊತ್ತಿದ್ದರೆ ಇಂಥ ನೆರೆಹೊರೆಯ ಜೋಡಿಗಳನ್ನು ಕೈಬಿಟ್ಟು ತಪ್ಪಿಸಿಕೊಳ್ಳಬಹುದು. ಎರಡನೆಯದು ಹೆಚ್ಚು ಕುಟಿಲವಾದುದು. 2004ರಲ್ಲಿ ಹಿರಾಟ ಮತ್ತು ಸೆಲ್ಯಾಕ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಎತ್ತಿನ ಗಾಡಿಯ ಚಕ್ರವನ್ನು ಊಹಿಸಿಕೊಳ್ಳಿ. ಅದರ ನಡುವೆ ದ್ರವ್ಯದ ಒಂದು ಗಂಟು ಇರಲಿ. ಗಂಟಿನ ನೆರೆಯಲ್ಲಿರುವ ಗೆಲಾಕ್ಸಿ ಅದರತ್ತ ಮುಖಮಾಡಿ, ಚಕ್ರದ ಅರದಂತೆ ಚಾಚಿರುತ್ತದೆ. ಬಹುದೂರ ಹಿಂದಿರುವ ಗೆಲಾಕ್ಸಿಯ ಚಿತ್ರವು ಮಸೂರದಿಂದ ಹಿಗ್ಗಿ, ಚಕ್ರದ ಹೊರಪಟ್ಟಿಯ ಗುಂಟ ನೀಳವಾಗುತ್ತದೆ. ಅರಕ್ಕೂ ಪಟ್ಟಿಗೂ ನಡುವೆ ಲಂಬಕೋನ. ಎಂದಮೇಲೆ ಇವೆರಡನ್ನು ಹೋಲಿಸಿದಾಗ ಸಾಮ್ಯಕ್ಕೆ ಬದಲಾಗಿ ವಿರೋಧ ಕಾಣಬರುತ್ತದೆ. ಮಸೂರದ ನಿಜವಾದ ಮೊತ್ತದಿಂದ ಅಷ್ಟು ಕಳೆದುಹೋಗುತ್ತದೆ. ಈ ಜೋಡಿಯವು ನೆರೆಹೊರೆಯವಲ್ಲವಾದುದರಿಂದ ಮೊದಲಿನ ಉಪಾಯ ಇಲ್ಲಿ ಫಲಿಸದು. ಕೇಳಿದ ಮೇಲೆ ಈ ವಾದ ಎಷ್ಟು ಸರಳ!

ವಾದವು ಕೇವಲ ಕಾಗದದ ಮೇಲಿನದಲ್ಲ. ರೇಚಲ್ ಮ್ಯಾಂಡೆಲ್‌ಬಾಮ್ ಮತ್ತು ಸಂಗಡಿಗರು 2006ರಲ್ಲಿ ಸ್ಲೋನ್ ಸಮೀಕ್ಷೆಯ ಎರಡೂವರೆ ಲಕ್ಷಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಪರಿಶೀಲಿಸಿ ಈ ದಿಕ್ಸಾಮ್ಯವನ್ನು ಪ್ರತ್ಯಕ್ಷವಾಗಿ ಕಂಡರು. ಮುದಿ ನಕ್ಷತ್ರಗಳಿಂದ ತುಂಬಿ ಕೆಂಪಾಗಿರುವ, ಪ್ರಕಾಶಮಾನವಾದ ಗೆಲಾಕ್ಸಿಗಳಲ್ಲಿ ಅದು ಸ್ಪಷ್ಟವಾಗಿದೆ. ಸುರುಳಿಯಾಕಾರದ ನೀಲಿ ಗೆಲಾಕ್ಸಿಗಳಲ್ಲಿ ಈವರೆಗಿನ ಅಳತೆಗಳಿಗೆ ಅದು ಬಹುಮಟ್ಟಿಗೆ ಸಿಕ್ಕಿಲ್ಲ.

ಇಷ್ಟು ಸಣ್ಣ ದೋಷಕ್ಕೆ ಇಷ್ಟೊಂದು ತಲೆಬಿಸಿ ಏಕೆ ಎಂದು ಕೇಳಬಹುದು. ವಿಶ್ವದ ದ್ರವ್ಯವು ಎಷ್ಟರಮಟ್ಟಿಗೆ ಗಂಟುಗಟ್ಟಿದೆ ಎಂಬುದಕ್ಕೆ ಒಂದು ಸಂಖ್ಯೆಯಿದೆ. ವಿಶ್ವದ ಬಾಲ್ಯದ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ಪ್ರಕಾರ ಅದು ಸುಮಾರು 0.83 ಆಗಬೇಕು. ಚಿಲಿ ದೇಶದ ದೂರದರ್ಶಕದಿಂದ ನಡೆದ ಕಿಲೋ ಡಿಗ್ರಿ ಸಮೀಕ್ಷೆಯು 2021ರಲ್ಲಿ ಮಸೂರದ ವಿಧಾನದಿಂದ ಪಡೆದುದು ಸುಮಾರು 0.76. ಈ ಅಂತರ ನಿಜವಾದರೆ ನಮ್ಮ ಭೌತಶಾಸ್ತ್ರದಲ್ಲಿಯೇ ಏನೋ ಕೊರತೆಯಿದೆ ಎಂದಾಗುತ್ತದೆ. ಹಾಗೆ ಘೋಷಿಸುವ ಮುನ್ನ, ಅರವೂ ಪಟ್ಟಿಯೂ ಸೇರಿ ನಮ್ಮನ್ನು ವಂಚಿಸಿಲ್ಲವೆಂದು ಖಚಿತಪಡಿಸಿಕೊಳ್ಳಬೇಡವೇ? ಅದೇ ಸಮೀಕ್ಷೆಯು 2025ರಲ್ಲಿ ತನ್ನ ಪೂರ್ಣ ದತ್ತಾಂಶವನ್ನು ಹೊಸದಾಗಿ ಲೆಕ್ಕಿಸಿದಾಗ ಸಂಖ್ಯೆ ಸುಮಾರು 0.82ಕ್ಕೆ ಏರಿ, ಅಂತರ ಬಹಳಮಟ್ಟಿಗೆ ಕರಗಿತು. ಇದಕ್ಕೆ ಗೆಲಾಕ್ಸಿಗಳ ದೂರದ ಅಂದಾಜು ಪರಿಷ್ಕೃತವಾದುದು ಮುಖ್ಯ ಕಾರಣ. ದಿಕ್ಸಾಮ್ಯವೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ದಿಕ್ಸಾಮ್ಯವನ್ನು ಬೇರ್ಪಡಿಸಲು ಬೇಕಾದ ಮೊದಲ ಸಾಧನವೂ ದೂರದ ಜ್ಞಾನವೇ.

2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ದೂರದರ್ಶಕವು ಆಕಾಶದ ಮೂರರಲ್ಲೊಂದು ಪಾಲನ್ನು ಅಳೆದು, ನೂರು ಕೋಟಿಗೂ ಮೀರಿದ ಗೆಲಾಕ್ಸಿಗಳ ಆಕಾರವನ್ನು ಗುರುತಿಸುವ ಕಾರ್ಯವನ್ನು ಕೈಗೊಂಡಿದೆ. 8.4 ಮೀಟರ್ ದರ್ಪಣವುಳ್ಳ ಚಿಲಿಯ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಂದವು. ಎಣಿಕೆ ಇಷ್ಟು ಹೆಚ್ಚಾದಾಗ ಸರಾಸರಿಯ ಶೇಷ ಬಹುಮಟ್ಟಿಗೆ ಇಲ್ಲವಾಗಿ, ದಿಕ್ಸಾಮ್ಯದ ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಇವು ನೋಡಲಿರುವವುಗಳಲ್ಲಿ ಬಹುಪಾಲು ಮಸುಕಾದ ನೀಲಿ ಗೆಲಾಕ್ಸಿಗಳು. ಅವುಗಳಲ್ಲಿ ದಿಕ್ಸಾಮ್ಯ ನಿಜವಾಗಿಯೂ ಇಲ್ಲವೇ, ಅಥವಾ ಈವರೆಗಿನ ಅಳತೆಗಳಿಗೆ ಸಿಗದಷ್ಟು ಸಣ್ಣದೇ ಎಂಬುದನ್ನು ಆ ಚಿತ್ರಗಳೇ ತಿಳಿಸಬೇಕಾಗಿದೆ.