ಸಿಸಿಟಿವಿ ಇದ್ದರೂ ರಾತ್ರಿ ವಾಹನದ ನಂಬರ್ ಕಾಣುತ್ತಿಲ್ಲವೇ? ಕ್ಯಾಮೆರಾ ಸೆಟ್ಟಿಂಗ್ ಹೀಗಿರಲಿ

ರಾತ್ರಿ ಸೊಸೈಟಿ ಗೇಟ್ ಎದುರು ಬೈಕ್ ಸವಾರನಿಗೆ ಕಾರೊಂದು ಗುದ್ದಿ ಪರಾರಿಯಾಗುತ್ತದೆ. ಗೇಟ್‌ನಲ್ಲಿ ಸಿಸಿಟಿವಿ ಇದೆ, ರೆಕಾರ್ಡಿಂಗ್ ಕೂಡ ಆಗಿದೆ. ಆದರೆ ದೃಶ್ಯ ನೋಡಿದರೆ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಬೆಳಕು. ಮುಂಬೈ, ಪುಣೆಯಿಂದ ಬೆಂಗಳೂರಿನವರೆಗೆ ಯಾವ ಸೊಸೈಟಿಯಲ್ಲಾದರೂ ಎದುರಾಗಬಹುದಾದ ಸಮಸ್ಯೆ ಇದು.

ಆ ಒಂದು ನಂಬರ್‌ನ ಬೆಲೆ ಸಣ್ಣದಲ್ಲ. ಗುದ್ದಿದ ವಾಹನ ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಹಿಟ್ ಅಂಡ್ ರನ್ ಪರಿಹಾರ ಯೋಜನೆಯಡಿ ಸಾವಿಗೆ 2 ಲಕ್ಷ ರೂಪಾಯಿ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಸಂತ್ರಸ್ತರ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ಪರಿಹಾರ ನಿರ್ಧಾರವಾಗುತ್ತದೆ.

ಪ್ಲೇಟ್ ಬೆಳ್ಳಗಾಗುವುದೇಕೆ?

2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಕಡ್ಡಾಯ. ಇದರ ಮೇಲಿನ ಪದರ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಕ್ಯಾಮೆರಾದ ಲೆನ್ಸ್ ಸುತ್ತಲೇ ಇನ್‌ಫ್ರಾರೆಡ್ (ಐಆರ್) ದೀಪಗಳಿರುವುದರಿಂದ ಅಷ್ಟೂ ಬೆಳಕು ನೇರವಾಗಿ ಲೆನ್ಸ್‌ಗೆ ಬರುತ್ತದೆ. ಇತ್ತ ಕ್ಯಾಮೆರಾ ಆಟೋ ಮೋಡ್‌ನಲ್ಲಿದ್ದರೆ ಕತ್ತಲ ರಸ್ತೆಯನ್ನು ತೋರಿಸಲೆಂದು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ರಸ್ತೆ ಕಾಣುತ್ತದೆ, ಪ್ಲೇಟ್ ಮಾತ್ರ ಬೆಳಕಿನಲ್ಲಿ ಮುಳುಗುತ್ತದೆ.

ಮೊದಲು ಬದಲಿಸಬೇಕಾದ್ದು ಶಟರ್ ಸ್ಪೀಡ್

ಗಂಟೆಗೆ 30 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 8.3 ಮೀಟರ್ ಸಾಗುತ್ತದೆ. ಶಟರ್ 1/30 ಸೆಕೆಂಡ್ ಇದ್ದರೆ ಒಂದು ಚಿತ್ರ ಸೆರೆಯಾಗುವಷ್ಟರಲ್ಲಿ ವಾಹನ 28 ಸೆಂ.ಮೀ. ಮುಂದೆ ಹೋಗಿರುತ್ತದೆ. ಹಾಗಾಗಿ ಅಕ್ಷರಗಳು ಕಲಸಿಹೋಗುತ್ತವೆ. 1/500ಕ್ಕೆ ಇಟ್ಟರೆ ಈ ಚಲನೆ 1.7 ಸೆಂ.ಮೀ.ಗೆ, 1/1000ಕ್ಕೆ ಇಟ್ಟರೆ 1 ಸೆಂ.ಮೀ.ಗಿಂತ ಕಡಿಮೆಗೆ ಇಳಿಯುತ್ತದೆ.

ಕ್ಯಾಮೆರಾದ ಎಕ್ಸ್‌ಪೋಶರ್ ಮೆನುವಿನಲ್ಲಿ ಮಾಡಬೇಕಾದ ಬದಲಾವಣೆಗಳು:

* ಶಟರ್: ಮ್ಯಾನುವಲ್. ಗೇಟ್ ಬಳಿ ನಿಧಾನವಾಗಿ ಬರುವ ವಾಹನಕ್ಕೆ 1/250, ರಸ್ತೆಯಲ್ಲಿ ಓಡುವ ವಾಹನಕ್ಕೆ 1/500ರಿಂದ 1/1000
* ಗೇನ್: ಆದಷ್ಟು ಕಡಿಮೆ
* ಮೋಡ್: ರಾತ್ರಿ ಕಪ್ಪು-ಬಿಳುಪು, ಐಆರ್ ಆನ್
* ಡಬ್ಲ್ಯುಡಿಆರ್: ಆಫ್. ಓಡುವ ವಾಹನದ ಚಿತ್ರ ಮಸುಕಾಗಲು ಇದೂ ಒಂದು ಕಾರಣ
* ಫೋಕಸ್: ಕತ್ತಲಾದ ಮೇಲೆ, ಐಆರ್ ಬೆಳಕಿನಲ್ಲೇ ಹೊಂದಿಸಿ ಲಾಕ್ ಮಾಡಿ. ಹಗಲಿನ ಫೋಕಸ್ ರಾತ್ರಿ ಸ್ವಲ್ಪ ತಪ್ಪಬಹುದು

ಒಂದೇ ಕ್ಯಾಮೆರಾ ಸಾಲದು

ಹೀಗೆ ಮಾಡಿದಾಗ ಪರದೆ ಬಹುತೇಕ ಕಪ್ಪಾಗಿ, ಪ್ಲೇಟ್ ಮತ್ತು ವಾಹನದ ದೀಪಗಳಷ್ಟೇ ಕಾಣುತ್ತವೆ. ಕ್ಯಾಮೆರಾ ಕೆಟ್ಟಿದೆ ಎಂದು ಭಾವಿಸಿ ಸೆಟ್ಟಿಂಗನ್ನು ಮತ್ತೆ ಆಟೋಗೆ ತರಬೇಡಿ. ಕಾರಿನ ಬಣ್ಣ, ಮಾಡೆಲ್, ಜನರ ಓಡಾಟ ನೋಡಲು ಈಗಿರುವ ಕ್ಯಾಮೆರಾ ಹಾಗೆಯೇ ಇರಲಿ. ಪ್ಲೇಟ್‌ಗೆಂದೇ ಇನ್ನೊಂದು ಬೇಕು. ಎರಡರಲ್ಲೂ ಸಮಯ ಒಂದೇ ಇದ್ದರೆ ದೃಶ್ಯಗಳನ್ನು ತಾಳೆ ನೋಡುವುದು ಸುಲಭ.

ಎಷ್ಟು ಜೂಮ್ ಬೇಕು?

ಕಾರಿನ ಉದ್ದನೆಯ ಪ್ಲೇಟ್ 50 ಸೆಂ.ಮೀ. ಅಗಲವಿದ್ದರೆ, ದ್ವಿಚಕ್ರ ವಾಹನದ ಹಿಂಬದಿ ಪ್ಲೇಟ್ 20 ಸೆಂ.ಮೀ. ಮಾತ್ರ. ಅಡ್ಡಲಾಗಿ 1920 ಪಿಕ್ಸೆಲ್ ಇರುವ ಫುಲ್ ಎಚ್‌ಡಿ ಕ್ಯಾಮೆರಾ 15 ಮೀಟರ್ ಅಗಲದ ಜಾಗ ತೋರಿಸುತ್ತಿದ್ದರೆ ಕಾರಿನ ಪ್ಲೇಟ್‌ಗೆ ಸಿಗುವುದು 64 ಪಿಕ್ಸೆಲ್, ಸ್ಕೂಟರ್‌ಗೆ ಬರೀ 26. ಇಷ್ಟರಲ್ಲಿ 8 ಯಾವುದು, ಬಿ ಯಾವುದು ತಿಳಿಯದು. ಅದೇ ಕ್ಯಾಮೆರಾವನ್ನು ಜೂಮ್ ಮಾಡಿ 3 ಮೀಟರ್ ಅಗಲಕ್ಕೆ ಇಳಿಸಿದರೆ ಸ್ಕೂಟರ್ ಪ್ಲೇಟ್‌ಗೂ 128 ಪಿಕ್ಸೆಲ್ ಸಿಗುತ್ತದೆ. ಹಾಗಾಗಿ ಜೂಮ್ ಹೊಂದಿಸಬಹುದಾದ ವೇರಿಫೋಕಲ್ ಲೆನ್ಸ್ ಕೇಳಿ ಪಡೆಯಿರಿ. ರೆಕಾರ್ಡ್ ಆದ ಮೇಲೆ ಮೊಬೈಲ್‌ನಲ್ಲಿ ಹಿಗ್ಗಿಸಿ ನೋಡುವುದರಿಂದ ಇಲ್ಲದ ವಿವರ ಹುಟ್ಟುವುದಿಲ್ಲ.

ಎಲ್ಲಿ ಅಳವಡಿಸಬೇಕು?

ಗೇಟ್‌ನ ನೆತ್ತಿಯ ಮೇಲೆ ಹಾಕಿದರೆ ಪ್ಲೇಟ್ ಓರೆಯಾಗಿ ಕಾಣುತ್ತದೆ. ಪ್ಲೇಟ್ ಮತ್ತು ಕ್ಯಾಮೆರಾ ನಡುವಿನ ಕೋನ ಮೇಲಿನಿಂದಾಗಲಿ ಪಕ್ಕದಿಂದಾಗಲಿ 30 ಡಿಗ್ರಿ ಮೀರದಿರಲಿ. ಸರಳ ಲೆಕ್ಕವೆಂದರೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು ದೂರದಲ್ಲಿ ವಾಹನ ಸೆರೆಯಾಗಬೇಕು. 3 ಮೀಟರ್ ಎತ್ತರಕ್ಕೆ 6 ಮೀಟರ್ ದೂರ.

ಸಾಧ್ಯವಾದರೆ ವಾಹನದ ಹಿಂಬದಿಗೆ ಗುರಿ ಇಡಿ. ಹೆಡ್‌ಲೈಟ್ ಕಾಟ ಇರುವುದಿಲ್ಲ, ಬೈಕ್‌ಗಳ ಮುಂದಿನ ಪ್ಲೇಟ್‌ಗಿಂತ ಹಿಂದಿನದರಲ್ಲಿ ಅಕ್ಷರಗಳೂ ದೊಡ್ಡವು. ಸ್ಪೀಡ್ ಬ್ರೇಕರ್ ಇದ್ದರೆ ಅಲ್ಲಿಗೇ ಫೋಕಸ್ ಮಾಡುವುದು ಉತ್ತಮ, ವಾಹನ ತಾನಾಗಿ ನಿಧಾನವಾಗುತ್ತದೆ. ಡೋಮ್ ಕ್ಯಾಮೆರಾದ ಗಾಜಿನಲ್ಲಿ ಐಆರ್ ಪ್ರತಿಫಲಿಸುವ ಸಾಧ್ಯತೆ ಇರುವುದರಿಂದ ಬುಲೆಟ್ ಮಾದರಿ ಒಳ್ಳೆಯದು. ಲೆನ್ಸ್ ಎದುರು ಜೇಡರ ಬಲೆ ಕಟ್ಟಿದರೆ ಐಆರ್ ಬೆಳಕಿಗೆ ಅದೇ ಹೊಳೆಯುತ್ತದೆ, ಆಗಾಗ ಒರೆಸುತ್ತಿರಬೇಕು. ಪಕ್ಕದವರ ಮನೆ ಬಾಗಿಲು, ಕಿಟಕಿ ಚೌಕಟ್ಟಿನೊಳಗೆ ಬಾರದಂತೆಯೂ ನೋಡಿಕೊಳ್ಳಿ.

ಹಣ ಕೊಡುವ ಮುನ್ನ ಪರೀಕ್ಷಿಸಿ

ಅಳವಡಿಸಿದವರು ಹಗಲಿನಲ್ಲಿ ತೋರಿಸುವ ಚಿತ್ರ ನೋಡಿ ಒಪ್ಪಬೇಡಿ. ರಾತ್ರಿ ಒಂದು ಕಾರು, ಒಂದು ಸ್ಕೂಟರನ್ನು ಮಾಮೂಲಿ ವೇಗದಲ್ಲಿ ಓಡಿಸಿ. ಲೈವ್ ಬದಲು ರೆಕಾರ್ಡ್ ಆದ ದೃಶ್ಯವನ್ನು ನಿಲ್ಲಿಸಿ, ನಂಬರ್ ಗೊತ್ತಿಲ್ಲದವರಿಂದ ಓದಿಸಿ.

ಘಟನೆ ನಡೆದರೆ ಏನು ಮಾಡಬೇಕು?

ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯ ಅಳಿಸಿಹೋಗುತ್ತದೆ. ಆದ್ದರಿಂದ ತಕ್ಷಣ ಮೂಲ ಫೈಲ್ ಅನ್ನೇ ಬೇರೆಡೆ ಉಳಿಸಿಡಿ. ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಗುಣಮಟ್ಟ ಕುಸಿಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಇಂತಹ ದೃಶ್ಯದ ಪ್ರತಿಯನ್ನು ಕೋರ್ಟ್‌ಗೆ ಸಲ್ಲಿಸುವಾಗ ಪ್ರಮಾಣಪತ್ರವೂ ಬೇಕು. ಡಿವಿಆರ್‌ನ ಗಡಿಯಾರ ತಪ್ಪಿದ್ದರೆ ಎಷ್ಟು ನಿಮಿಷ ಎಂಬುದನ್ನು ಬರೆದಿಟ್ಟು ಪೊಲೀಸರಿಗೆ ತಿಳಿಸಿ. ನಂಬರ್ ಸಿಕ್ಕಿತೆಂದು ಮಾಲೀಕರನ್ನು ನೀವೇ ಹುಡುಕಿಕೊಂಡು ಹೋಗಬೇಡಿ, ಆ ಕೆಲಸ ಪೊಲೀಸರಿಗೆ ಬಿಡಿ.